ವಿದೇಶದಿಂದ ಮರಳುವಾಗ ವಿಮಾನ ನಿಲ್ದಾಣದ ಖರೀದಿ: ಜೈನ ಮನೆಯವರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ಬಸವೇಶ್ವರನಗರದ ಹಾವನೂರು ವೃತ್ತದ ಆಸುಪಾಸಿನ ಒಂದು ಮನೆ. ಮಗಳ ಬಾಣಂತನಕ್ಕೆಂದು ವಿದೇಶಕ್ಕೆ ಹೋಗಿದ್ದ ಹಿರಿಯ ದಂಪತಿ ಐದು ತಿಂಗಳ ನಂತರ ಊರಿಗೆ ಮರಳಿದರು. ವಿಮಾನ ಹತ್ತುವ ಮುನ್ನ ನಿಲ್ದಾಣದಲ್ಲಿ ಒಂದೂವರೆ ಗಂಟೆ ಬಿಡುವಿತ್ತು. ಬಸದಿಯ ಪಾಠಶಾಲೆಯ ಮಕ್ಕಳಿಗೆ ಏನಾದರೂ ಒಯ್ಯಬೇಕೆಂದು ತ್ರಿಕೋನಾಕಾರದ ದೊಡ್ಡ ಟೋಬ್ಲರೋನ್ ಚಾಕೊಲೇಟು ಹನ್ನೆರಡು ಕೊಂಡರು. ಬಣ್ಣದ ಪೊಟ್ಟಣ, ಮೇಲೆ ಪರ್ವತದ ಚಿತ್ರ, ಮಾಂಸದ ಸುಳಿವೇ ಇಲ್ಲ. ಅಜ್ಜಿ ವಿಮಾನದಲ್ಲಿ ಎರಡು ತುಂಡು ತಿಂದೂ ಬಿಟ್ಟರು. ಮನೆಗೆ ಬಂದ ಮೇಲೆ ಆರನೇ ತರಗತಿಯ ಮೊಮ್ಮಗಳು ಪೊಟ್ಟಣದ ಮುಂಭಾಗದ ಅಕ್ಷರ ಓದಿ, ‘ಅಜ್ಜಿ, ಹನಿ ಅಂದರೆ ಜೇನಲ್ಲವಾ?’ ಎಂದು ಕೇಳಿದಳು. ಹಿಂದೆ ತಿರುಗಿಸಿ ಓದಿದಾಗ ಮೊಟ್ಟೆಯ ಬಿಳಿಯೂ ಪಟ್ಟಿಯಲ್ಲಿತ್ತು. ಮದುವೆಯಾದಾಗಿನಿಂದ ಜೇನು ಮುಟ್ಟದಿದ್ದ ಅಜ್ಜಿ ಅಂದು ಸಂಜೆ ಊಟ ಮಾಡಲಿಲ್ಲ.

ಇಲ್ಲಿ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಟೋಬ್ಲರೋನ್ 1908ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ಚಾಕೊಲೇಟು. ಜೇನು ಮತ್ತು ಬಾದಾಮಿಯ ನೂಗಾ ಬೆರೆಸಿದ್ದೇ ಅದರ ವಿಶೇಷ, ಆ ಮಾತನ್ನು ಕಂಪನಿ ಪೊಟ್ಟಣದ ಮುಂಭಾಗದಲ್ಲೇ ಅಚ್ಚು ಹಾಕುತ್ತದೆ. ನೂಗಾ ಎಂಬ ಮಿಠಾಯಿಯನ್ನು ಮಾಡುವ ಕ್ರಮವೇ ಸಕ್ಕರೆ, ಜೇನು ಮತ್ತು ಮೊಟ್ಟೆಯ ಬಿಳಿಯನ್ನು ಕಡೆದು ಉಬ್ಬಿಸುವುದು. ಇಟಲಿಯ ಟೊರೋನೆ ಕೂಡ ಅದೇ ಜಾತಿ. ಓದದೆ ಕೊಂಡದ್ದಷ್ಟೇ ಆದ ತಪ್ಪು. ವಿಮಾನ ನಿಲ್ದಾಣದಲ್ಲಿ ಓದುವವರಾದರೂ ಎಷ್ಟು ಜನ? ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಕಣ್ಣು ಕೈಚೀಲದ ಮೇಲೆ.

ಜೇನಿನ ವಿಷಯ ಇಷ್ಟು ದೊಡ್ಡದೇಕೆ ಎಂದು ಇಂದಿನ ಮಕ್ಕಳು ಕೇಳಬಹುದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಅಷ್ಟಮೂಲಗುಣ ಹೇಳುವಾಗ ಐದು ಅಣುವ್ರತಗಳ ಜೊತೆಗೆ ಇಟ್ಟಿರುವುದು ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು. ಆಚಾರ್ಯ ಅಮೃತಚಂದ್ರರ ಪುರುಷಾರ್ಥ ಸಿದ್ಧ್ಯುಪಾಯದಲ್ಲಿ ಈ ಮೂರರ ಜೊತೆಗೆ ಐದು ಉದುಂಬರ ಫಲಗಳು ಬರುತ್ತವೆ. ಅಂದರೆ ಜೇನು ಎಂಬುದು ಈರುಳ್ಳಿ, ಆಲೂಗಡ್ಡೆಗಿಂತಲೂ ಮೊದಲ ಮೆಟ್ಟಿಲಿನ ಮಾತು. ಕಂದಮೂಲ ಬಿಡದ ಮನೆಗಳಲ್ಲೂ ಜೇನು ಬಿಟ್ಟಿರುತ್ತಾರೆ. ಉದುಂಬರ ಫಲವೆಂದರೆ ಆಲ, ಅರಳಿ, ಅತ್ತಿ, ಬಸರಿ ಮುಂತಾದ ಜಾತಿಯ ಹಣ್ಣು. ಅಂಜೂರವನ್ನೂ ಇದೇ ಗುಂಪಿಗೆ ಸೇರಿಸಿ ಬಿಡುವ ಮನೆಗಳು ಬಹಳ. ಕೊಲ್ಲಿ ದೇಶಗಳ ನಿಲ್ದಾಣಗಳಲ್ಲಿ ಒಣಹಣ್ಣಿನ ಪೆಟ್ಟಿಗೆ ಕೊಳ್ಳುವಾಗ ಖರ್ಜೂರದ ಪಕ್ಕದಲ್ಲೇ ಟರ್ಕಿಯ ಒಣ ಅಂಜೂರವೂ ಇರುತ್ತದೆ ಎಂಬುದು ನೆನಪಿರಲಿ.

ನಮ್ಮ ದೇಶದಲ್ಲಿ ಹಸಿರು ಚುಕ್ಕೆ ನೋಡಿ ಕೊಳ್ಳುವ ಅಭ್ಯಾಸ ಎಲ್ಲರಿಗೂ ಆಗಿದೆ. ಮೊಟ್ಟೆ ಇದ್ದರೂ ಇಲ್ಲಿ ಮಾಂಸಾಹಾರದ ಗುರುತು ಹಾಕಲೇಬೇಕು. ಆದರೆ ಜೇನಿಗೆ ಹಸಿರು ಚುಕ್ಕೆಯೇ ಸಿಗುತ್ತದೆ, ಬೆಳ್ಳುಳ್ಳಿಗೂ ಸಿಗುತ್ತದೆ. ಹಸಿರು ಚುಕ್ಕೆ ಎಂದರೆ ಜೈನ ಆಹಾರ ಎಂದಲ್ಲ. ವಿದೇಶದ ಅಂಗಡಿಯಲ್ಲಂತೂ ಆ ಚುಕ್ಕೆಯೇ ಇರುವುದಿಲ್ಲ. ಅಲ್ಲಿ ಕಾಣುವ ಗುರುತುಗಳು ಬೇರೆ, ಅವುಗಳ ಅರ್ಥವೂ ಬೇರೆ.

‘ವೀಗನ್’ ಎಂದು ಬರೆದಿದ್ದರೆ ಹಾಲು, ಮೊಟ್ಟೆ, ಜೇನು, ಜೆಲಾಟಿನ್ ಯಾವುದೂ ಇಲ್ಲ. ನಮ್ಮ ಮನೆಗಳಿಗೆ ಅತ್ಯಂತ ಹತ್ತಿರದ ಗುರುತು ಇದೇ. ಆದರೂ ಮದ್ಯ, ಈರುಳ್ಳಿ, ಅಣಬೆ ಇರಬಾರದೆಂಬ ನಿಯಮ ಅದಕ್ಕಿಲ್ಲ. ಬರೀ ‘ವೆಜಿಟೇರಿಯನ್’ ಎಂದಿದ್ದರೆ ವಿದೇಶದಲ್ಲಿ ಮೊಟ್ಟೆ ಮತ್ತು ಜೇನು ಎರಡೂ ಇರಬಹುದು. ‘ಹಲಾಲ್’ ಎಂಬುದನ್ನು ನೋಡಿ ಹಂದಿಯೂ ಇಲ್ಲ, ಮದ್ಯವೂ ಇಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ಅದು ನಿಜ, ಆದರೆ ಹಲಾಲ್ ಜೆಲಾಟಿನ್ ದನದ ಚರ್ಮ, ಮೂಳೆಗಳಿಂದ ಬರುವುದೇ ಹೆಚ್ಚು. ಯಹೂದಿಗಳ ‘ಕೋಷರ್’ ಗುರುತಿನ ಜೊತೆ ‘ಪಾರ್ವೆ’ ಎಂದು ಬರೆದಿದ್ದರೆ ಮಾಂಸ, ಹಾಲು ಇಲ್ಲ ಎಂದರ್ಥ. ಮೀನು ಮತ್ತು ಮೊಟ್ಟೆ ಅವರ ಲೆಕ್ಕದಲ್ಲಿ ಪಾರ್ವೆಯೇ. ಬೇರೆ ಧರ್ಮದವರ ಗುರುತು ಅವರ ವ್ರತಕ್ಕೆ ತಕ್ಕಂತೆ ಇದೆ, ನಮ್ಮ ವ್ರತವನ್ನು ಅದು ಕಾಯುವುದಿಲ್ಲ.

ಹಾಗಾದರೆ ಓದುವುದು ಹೇಗೆ? ಯುರೋಪಿನ ಕಾನೂನಿನಂತೆ ಅಲರ್ಜಿ ತರುವ ವಸ್ತುಗಳನ್ನು ಪದಾರ್ಥಗಳ ಪಟ್ಟಿಯಲ್ಲಿ ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣುವಂತೆ ಹಾಕಬೇಕು. ಮೊಟ್ಟೆ, ಮೀನು, ಸಿಗಡಿ, ಹಾಲು ಇವೆಲ್ಲ ಹಾಗೆ ಕಾಣುತ್ತವೆ. ಅವಸರದಲ್ಲಿರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಒಂದು ಮೋಸ ಹೋಗುವ ಜಾಗವಿದೆ: ಜೆಲಾಟಿನ್ ಆಗಲಿ, ಜೇನಾಗಲಿ, ಕೀಟದ ಬಣ್ಣವಾಗಲಿ ಆ ಅಲರ್ಜಿ ಪಟ್ಟಿಯಲ್ಲಿಲ್ಲ. ದಪ್ಪಕ್ಷರ ಮಾತ್ರ ನೋಡಿದರೆ ಇವು ಮೂರೂ ಕಣ್ತಪ್ಪುತ್ತವೆ. ‘ಮೇ ಕಂಟೇನ್’ ಎಂದು ಕೊನೆಯಲ್ಲಿ ಬರೆದಿರುವುದು ಅದೇ ಕಾರ್ಖಾನೆಯಲ್ಲಿ ಬೇರೆ ಪದಾರ್ಥವೂ ತಯಾರಾಗುವುದರಿಂದ ಅಂಶ ಸೋಕಿರಬಹುದು ಎಂಬ ಎಚ್ಚರಿಕೆ, ಅದನ್ನು ಬೆರೆಸಿದ್ದಾರೆಂದಲ್ಲ. ಅದನ್ನೂ ಬಿಡಬೇಕೋ ಬೇಡವೋ ಎಂಬುದು ಅವರವರ ನಿಯಮಕ್ಕೆ ಸೇರಿದ್ದು.

ಜೆಲಾಟಿನ್ ಬಗ್ಗೆ ಎರಡು ಮಾತು. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಬೇಯಿಸಿ ತೆಗೆಯುವ ಅಂಟು ಇದು. ಮಕ್ಕಳ ಗಮ್ಮಿ ಮಿಠಾಯಿ, ಮಾರ್ಷ್‌ಮ್ಯಾಲೋ, ಕೆಲವು ಮೊಸರು ಸಿಹಿಗಳು, ವಿಟಮಿನ್ ಮಾತ್ರೆಯ ಮೆತ್ತನೆ ಕವಚ ಇವೆಲ್ಲ ಅದರ ಮನೆ. ಹರಿಬೋ ಕಂಪನಿಯ ಕರಡಿ ಆಕಾರದ ಗಮ್ಮಿ ಎಲ್ಲ ನಿಲ್ದಾಣಗಳಲ್ಲೂ ಸಿಗುತ್ತದೆ. ಅದು ಜೆಲಾಟಿನ್‌ನಿಂದಲೇ ಆದದ್ದು. ಹಣ್ಣಿನ ಚಿತ್ರ, ಹಣ್ಣಿನ ವಾಸನೆ ನೋಡಿ ಹಣ್ಣಿನದೇ ಎಂದುಕೊಳ್ಳುವುದು ಬೇಡ. ಸಸ್ಯಮೂಲದ ಪೆಕ್ಟಿನ್ ಬಳಸಿದ ಗಮ್ಮಿಗಳೂ ಇವೆ, ಅವುಗಳ ಪಟ್ಟಿಯಲ್ಲಿ ಪೆಕ್ಟಿನ್ ಎಂದೇ ಬರೆದಿರುತ್ತದೆ.

ಕೆಂಪು ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಇ 120 ಎಂಬ ಸಂಖ್ಯೆ, ಅಥವಾ ಕಾರ್ಮೈನ್, ಕೋಚಿನೀಲ್, ನ್ಯಾಚುರಲ್ ರೆಡ್ 4 ಎಂಬ ಹೆಸರು ಕಂಡರೆ ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಪುಟ್ಟ ಕೀಟವನ್ನು ಒಣಗಿಸಿ ಅರೆದು ತೆಗೆದ ಬಣ್ಣ. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಕೀಟ ಬೇಕೆಂಬ ಲೆಕ್ಕ ಸಾಮಾನ್ಯವಾಗಿ ಹೇಳಲ್ಪಡುತ್ತದೆ. ‘ನ್ಯಾಚುರಲ್ ಕಲರ್’ ಎಂದು ಹೆಮ್ಮೆಯಿಂದ ಬರೆದಿರುವ ಮಿಠಾಯಿಯಲ್ಲೇ ಇದು ಇರುವ ಸಂಭವ ಹೆಚ್ಚು. ನೈಸರ್ಗಿಕ ಎಂದಾಕ್ಷಣ ಅಹಿಂಸಕ ಎಂದು ನಂಬುವ ನಮ್ಮವರಿಗೆ ಇದನ್ನು ಹೇಳಲೇಬೇಕು. ಅಮೆರಿಕದಲ್ಲಿ 2011ರ ಜನವರಿಯಿಂದ ಈ ಬಣ್ಣದ ಹೆಸರನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯುವುದು ಕಡ್ಡಾಯವಾಗಿದೆ. ಅದಕ್ಕೂ ಮೊದಲು ‘ಬಣ್ಣ ಸೇರಿಸಿದೆ’ ಎಂದಷ್ಟೇ ಬರೆದರೆ ಸಾಕಾಗುತ್ತಿತ್ತು. ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ನಲ್ಲೂ ಇದೇ ಬಣ್ಣ ಸಿಐ 75470 ಎಂಬ ಸಂಖ್ಯೆಯಲ್ಲಿ ಕೂತಿರುತ್ತದೆ. ಸೊಸೆಗೆ, ಮಗಳಿಗೆ ಅಲಂಕಾರದ ಪೆಟ್ಟಿಗೆ ತರುವವರು ಆ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಉಳಿದ ಸಂಖ್ಯೆಗಳನ್ನು ಬೇಗ ಹೇಳಬಹುದು. ಇ 904 ಅರಗಿನ ಹುಳುವಿನಿಂದ ಬರುವ ಶೆಲ್ಯಾಕ್, ಮಿಠಾಯಿಗೆ ಹೊಳಪು ಕೊಡುವುದು. ಅಮೆರಿಕದ ಪೊಟ್ಟಣದಲ್ಲಿ ‘ಕನ್ಫೆಕ್ಷನರ್ಸ್ ಗ್ಲೇಜ್’ ಎಂದಿರುತ್ತದೆ. ಇ 901 ಜೇನುಮೇಣ. ಇ 1105 ಮೊಟ್ಟೆಯಿಂದ ತೆಗೆದದ್ದು. ಇ 542 ಮೂಳೆಯದು. ಇ 471 ಮತ್ತು ಇ 631 ಸಂಶಯದ ಗಿರಾಕಿಗಳು: ಸಸ್ಯದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು, ಪೊಟ್ಟಣ ನೋಡಿ ತಿಳಿಯುವುದಿಲ್ಲ. ವೀಗನ್ ಗುರುತು ಇದ್ದರೆ ನಿಶ್ಚಿಂತೆ. ಚೀಸ್ ವಿಷಯದಲ್ಲಿ ರೆನೆಟ್ ಎಂಬ ಪದ ನೋಡಬೇಕು. ಇಟಲಿಯ ಪಾರ್ಮಿಜಾನೋ ರೆಜ್ಜಾನೋ ಚೀಸನ್ನು ಕರುವಿನ ಜಠರದ ರೆನೆಟ್‌ನಿಂದಲೇ ಮಾಡಬೇಕೆಂದು ಅದರ ನಿಯಮವೇ ಹೇಳುತ್ತದೆ.

ಯಾವ ಊರಿನಲ್ಲಿ ಯಾವುದಕ್ಕೆ ಎಚ್ಚರ ಎಂಬುದೂ ಗೊತ್ತಿರಬೇಕು. ಸಿಂಗಾಪುರದ ಚಾಂಗಿಯಲ್ಲಿ ‘ಕಾಯಾ’ ಎಂಬ ಹಸಿರು ಜಾಮ್ ಶೀಶೆ ಎಲ್ಲ ಅಂಗಡಿಗಳಲ್ಲೂ ಇರುತ್ತದೆ. ಹೆಸರು ಕೇಳಿದರೆ ನಮ್ಮ ಕಾಯಿಯೇ ಅನ್ನಿಸುತ್ತದೆ, ತೆಂಗಿನ ಹಾಲು ಇರುವುದೂ ಹೌದು, ಆದರೆ ಅದನ್ನು ಗಟ್ಟಿ ಮಾಡುವುದು ಮೊಟ್ಟೆ. ಅಲ್ಲಿನ ಅನಾನಸ್ ಟಾರ್ಟ್‌ಗಳಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪ್ಯಾರಿಸ್ಸಿನ ಬಣ್ಣಬಣ್ಣದ ಮ್ಯಾಕರೋನ್ ಮೊಟ್ಟೆಯ ಬಿಳಿಯಿಂದಲೇ ಆದದ್ದು. ಬ್ರಿಟನ್ನಿನ ಶಾರ್ಟ್‌ಬ್ರೆಡ್ ಬಿಸ್ಕತ್ತು ಮೂಲತಃ ಹಿಟ್ಟು, ಬೆಣ್ಣೆ, ಸಕ್ಕರೆ ಮಾತ್ರ, ನಮ್ಮ ನಾನ್‌ಖಟಾಯಿಯ ಹತ್ತಿರದ ಸಂಬಂಧಿ. ಪಟ್ಟಿ ಒಮ್ಮೆ ನೋಡಿ ತರಬಹುದಾದ ವಸ್ತು. ಟರ್ಕಿಯ ಲೋಕುಮ್ ಸಾಂಪ್ರದಾಯಿಕವಾಗಿ ಸಕ್ಕರೆ ಮತ್ತು ಪಿಷ್ಟದಿಂದ ಆಗುತ್ತದೆ, ಆದರೆ ಜೇನು ಬೆರೆಸಿದ್ದೂ ಇ 120 ಹಾಕಿದ್ದೂ ಇವೆ. ಬಕ್ಲಾವದ ಪಾಕ ಸಕ್ಕರೆಯದೋ ಜೇನಿನದೋ ಕೇಳಬೇಕು. ಈಗ ಎಲ್ಲರ ಬಾಯಲ್ಲಿರುವ ಪಿಸ್ತಾ ತುಂಬಿದ ದುಬೈ ಚಾಕೊಲೇಟಿನಲ್ಲಿ ಪಿಸ್ತಾ, ಎಳ್ಳಿನ ಪೇಸ್ಟು, ಹುರಿದ ಶಾವಿಗೆಯಂಥ ಕತಾಯಿಫಿ ಮುಖ್ಯ. ಅನುಕರಣೆಗಳು ಲೆಕ್ಕವಿಲ್ಲದಷ್ಟು ಬಂದಿರುವುದರಿಂದ ಪ್ರತಿ ಕಂಪನಿಯ ಪಟ್ಟಿ ಪ್ರತ್ಯೇಕವಾಗಿ ಓದಬೇಕು. ಬೀಜ ತೆಗೆದು ಬಾದಾಮಿ ತುಂಬಿದ ಸಾದಾ ಖರ್ಜೂರಕ್ಕೆ ಇಷ್ಟೆಲ್ಲ ಪರೀಕ್ಷೆಯ ತೊಂದರೆಯೇ ಇಲ್ಲ, ಹಿರಿಯರ ಹಲ್ಲಿಗೂ ಹಿತ.

ತಿನ್ನುವ ವಸ್ತುವಲ್ಲದಿದ್ದರೂ ಚರ್ಮದ ಪರ್ಸು, ಬೆಲ್ಟು, ರೇಷ್ಮೆ ಸ್ಕಾರ್ಫು, ಮುತ್ತಿನ ಸರಗಳ ಹಿಂದೆ ಏನಿದೆ ಎಂಬುದು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಮೊಸಳೆ, ಹಾವಿನ ಚರ್ಮ, ಹವಳ, ದಂತದ ವಸ್ತುಗಳಿಗೆ ವನ್ಯಜೀವಿ ಕಾನೂನಿನ ತೊಡಕೂ ಇದೆ. ಅಂಗಡಿಯವನು ರಸೀದಿ ಕೊಟ್ಟ ಮಾತ್ರಕ್ಕೆ ಇಲ್ಲಿ ಒಳಗೆ ಬಿಡುವುದಿಲ್ಲ.

ಇನ್ನೊಂದು ಸಂಗತಿ ಹೇಳಲು ಸಂಕೋಚವಾದರೂ ಹೇಳಬೇಕು. ಪ್ರತಿ ವಯಸ್ಕ ಪ್ರಯಾಣಿಕನಿಗೆ ಎರಡು ಲೀಟರ್ ಮದ್ಯ ಸುಂಕವಿಲ್ಲದೆ ತರಲು ಅವಕಾಶವಿದೆ. ಜೈನರು ಆ ಅವಕಾಶ ಬಳಸುವುದಿಲ್ಲವೆಂದು ಸ್ನೇಹಿತರಿಗೆ, ವ್ಯಾಪಾರದ ಗಿರಾಕಿಗಳಿಗೆ, ಕಚೇರಿಯ ಮೇಲಧಿಕಾರಿಗಳಿಗೆ ಗೊತ್ತು. ‘ನಿಮ್ಮ ಪಾಸ್‌ಪೋರ್ಟಿನ ಮೇಲೆ ನಮಗೊಂದು ಬಾಟಲಿ ತನ್ನಿ’ ಎಂದು ಕೇಳುವವರಿದ್ದಾರೆ. ಸಂಬಂಧ ಕೆಡುತ್ತದೆಂದು ಒಪ್ಪಿಕೊಂಡವರೂ ಇದ್ದಾರೆ. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯನ್ನು ಪಾಠಶಾಲೆಯಲ್ಲಿ ಕಲಿತವರಿಗೆ ಇದರ ಉತ್ತರ ಗೊತ್ತಿದೆ. ತಾನು ಕುಡಿಯದೆ ಇನ್ನೊಬ್ಬರಿಗೆ ಒದಗಿಸಿದರೂ ಲೆಕ್ಕ ಮುಗಿಯುವುದಿಲ್ಲ. ಧರ್ಮದ ಮಾತು ಬೇಡವೆಂದರೆ ಕಾನೂನಿನ ದೃಷ್ಟಿಯಿಂದಲೂ ಬ್ಯಾಗಿನಲ್ಲಿರುವುದಕ್ಕೆ ಬ್ಯಾಗಿನವನೇ ಹೊಣೆ. ನಿಲ್ದಾಣದಲ್ಲಿ ಪರಿಚಯವಿಲ್ಲದವರು ಕೊಡುವ ಚೀಲವನ್ನಂತೂ, ಅವರು ನಮ್ಮ ಭಾಷೆಯವರೇ ಆಗಿದ್ದರೂ, ಮುಟ್ಟಬಾರದು.

ಸುಂಕದ ಮಾತಿಗೆ ಬಂದರೆ, ವಿಮಾನದಲ್ಲಿ ಮರಳುವ ಭಾರತೀಯ ನಿವಾಸಿಗೆ 2016ರ ಬ್ಯಾಗೇಜ್ ನಿಯಮದಲ್ಲಿ 50,000 ರೂಪಾಯಿವರೆಗಿನ ವಸ್ತುಗಳಿಗೆ ವಿನಾಯಿತಿ ಇತ್ತು. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮದಲ್ಲಿ ಅದು 75,000 ರೂಪಾಯಿಗೆ ಏರಿದೆ. ಇದು ಒಬ್ಬೊಬ್ಬರಿಗೆ ಪ್ರತ್ಯೇಕ. ಬೆಂಗಳೂರಿಗೆ ಬಂದಿಳಿದ ಮೇಲೆ ಇಲ್ಲಿನ ಸುಂಕರಹಿತ ಅಂಗಡಿಯಲ್ಲಿ ಕೊಂಡದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ. ಹದಿನೆಂಟು ದಾಟಿದವರು ಒಂದು ಲ್ಯಾಪ್‌ಟಾಪ್ ಬೇರೆಯಾಗಿ ತರಬಹುದು. ದೊಡ್ಡ ಟಿವಿಗೆ ವಿನಾಯಿತಿ ಇಲ್ಲ.

ಚಿನ್ನದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ಮಹಿಳೆಯರಿಗೆ 40 ಗ್ರಾಂ, ಪುರುಷರಿಗೆ 20 ಗ್ರಾಂ ಆಭರಣ ಬಿಡುತ್ತಾರೆಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವವರಿಗೆ ಎಂಬ ಅರ್ಧ ವಾಕ್ಯ ಕಿವಿಗೆ ಬಿದ್ದಿರುವುದಿಲ್ಲ. ಎಂಟು ದಿನದ ದುಬೈ ಪ್ರವಾಸಕ್ಕೆ ಹೋದವರಿಗೆ ಈ ವಿನಾಯಿತಿ ಅನ್ವಯಿಸದು. ಆಭರಣ ಮಾತ್ರ, ನಾಣ್ಯ, ಗಟ್ಟಿ ಅಲ್ಲ. ಇಲ್ಲಿಂದ ಹೋಗುವಾಗಲೇ ಮದುವೆಗೆಂದು ಹೆಚ್ಚು ಆಭರಣ ತೊಟ್ಟು ಹೋಗುವವರು ಹೊರಡುವ ದಿನವೇ ಸುಂಕಾಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಬರುವಾಗ ಅದು ಅಲ್ಲಿ ಕೊಂಡದ್ದಲ್ಲವೆಂದು ಸಾಧಿಸುವ ಕಷ್ಟವಿಲ್ಲ. ಮಿತಿ ಮೀರಿದ್ದರೆ ಕೆಂಪು ಮಾರ್ಗದಲ್ಲಿ ಹೋಗಿ ಘೋಷಿಸಿ ಸುಂಕ ಕಟ್ಟುವುದೇ ಕ್ರಮ. ಹಸಿರು ಮಾರ್ಗದಲ್ಲಿ ನಡೆದು ಸಿಕ್ಕಿಬಿದ್ದರೆ ವಸ್ತುವೂ ಹೋಗುತ್ತದೆ, ದಂಡವೂ ಬೀಳುತ್ತದೆ. ಅಚೌರ್ಯ ಎಂಬ ವ್ರತ ಅಂಗಡಿಯ ಗಲ್ಲಕ್ಕೆ ಮಾತ್ರ ಸೀಮಿತವಲ್ಲ ಎಂದು ಹಿರಿಯ ವ್ಯಾಪಾರಿಗಳು ಹೇಳುತ್ತಿದ್ದರು.

ಅಷ್ಟಕ್ಕೂ ‘ಡ್ಯೂಟಿ ಫ್ರೀ’ ಎಂದರೆ ಅಗ್ಗ ಎಂದರ್ಥವಲ್ಲ. 1947ರಲ್ಲಿ ಐರ್ಲೆಂಡಿನ ಶ್ಯಾನನ್ ನಿಲ್ದಾಣದಲ್ಲಿ ಮೊದಲ ಇಂಥ ಅಂಗಡಿ ತೆರೆಯಿತು. ದೇಶ ಬಿಟ್ಟು ಹೋಗುವವನಿಂದ ಆ ದೇಶದ ಸುಂಕ ವಸೂಲು ಮಾಡುವುದಿಲ್ಲ ಎಂಬುದಷ್ಟೇ ಅದರ ತಿರುಳು. ಮದ್ಯ, ಸಿಗರೇಟು, ಸುಗಂಧಗಳಂಥ ಭಾರಿ ತೆರಿಗೆಯ ವಸ್ತುಗಳಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಮೊದಲೆರಡು ನಮಗೆ ಬೇಡ. ಚಾಕೊಲೇಟು, ಬಿಸ್ಕತ್ತಿನ ಮೇಲೆ ತೆರಿಗೆಯೇ ಕಡಿಮೆ ಇದ್ದಾಗ ಬಿಡುವುದಕ್ಕೇನು ಉಳಿಯಿತು? ದುಬೈ ನಗರದಲ್ಲಿ 2018ರಿಂದ ಇರುವ ವ್ಯಾಟ್ ಶೇ 5 ಮಾತ್ರ. ನಿಲ್ದಾಣದ ಅಂಗಡಿಯ ಬಾಡಿಗೆಯೋ ಕಣ್ಣು ತಿರುಗುವಷ್ಟು, ಅದು ಗಿರಾಕಿಯ ಬಿಲ್ಲಿಗೇ ಬರುತ್ತದೆ. ಮಗಳ ಮನೆಯ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಅದೇ ಪೊಟ್ಟಣ ಹೆಚ್ಚಿನ ಸಲ ಕಡಿಮೆ ಬೆಲೆಗೆ ಸಿಗುತ್ತದೆ, ಕನ್ನಡಕ ಹಾಕಿ ನಿಧಾನವಾಗಿ ಓದಲು ಸಮಯವೂ ಸಿಗುತ್ತದೆ. ಊರಿಗೆ ಹೊರಡುವ ಎರಡು ದಿನ ಮುಂಚೆ ಅಲ್ಲೇ ಕೊಂಡು ದೊಡ್ಡ ಪೆಟ್ಟಿಗೆಯಲ್ಲಿ ಹಾಕುವುದು ಜಾಣತನ.

ಅಲ್ಲಿನ ಅಂಗಡಿಯಲ್ಲಿ ಕಟ್ಟಿದ ತೆರಿಗೆಯನ್ನು ಪ್ರವಾಸಿಗರಿಗೆ ಮರಳಿಸುವ ವ್ಯವಸ್ಥೆ ಕೆಲವು ದೇಶಗಳಲ್ಲಿದೆ. ಯುಎಇಯಲ್ಲಿ ಕನಿಷ್ಠ 250 ದಿರ್ಹಮ್, ಸಿಂಗಾಪುರದಲ್ಲಿ 100 ಡಾಲರ್ ಖರೀದಿ ಇರಬೇಕು, ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಬೇಕು. ವಸ್ತುವನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕುವುದಾದರೆ ಪೆಟ್ಟಿಗೆ ಒಪ್ಪಿಸುವ ಮೊದಲೇ ಮರುಪಾವತಿಯ ಕೆಲಸ ಮುಗಿಸಬೇಕು. ಬ್ರಿಟನ್ 2021ರ ಜನವರಿ 1ರಿಂದ ಕೈಯಲ್ಲಿ ಒಯ್ಯುವ ಖರೀದಿಗೆ ಇದನ್ನು ನಿಲ್ಲಿಸಿದೆ. ಕಾರ್ಡು ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲಿ ಕಟ್ಟುವಿರಾ’ ಎಂದು ಕೇಳಿದರೆ ಬೇಡವೆಂದು ಆ ದೇಶದ ಹಣವನ್ನೇ ಆರಿಸಬೇಕು. ರೂಪಾಯಿ ಆರಿಸಿದರೆ ವಿನಿಮಯ ದರದಲ್ಲಿ ಅಂಗಡಿಯ ಕಡೆಯವರು ತಮ್ಮ ಲಾಭ ಸೇರಿಸಿರುತ್ತಾರೆ.

ಸುಗಂಧ, ಎಣ್ಣೆ, ಪಾಕದ ಡಬ್ಬಿ ಇವೆಲ್ಲ ದ್ರವದ ಲೆಕ್ಕ. ನಿಲ್ದಾಣದಲ್ಲಿ ಕೊಂಡದ್ದನ್ನು ಮೊಹರು ಮಾಡಿದ ಪಾರದರ್ಶಕ ಚೀಲದಲ್ಲಿ ರಸೀದಿ ಸಮೇತ ಕೊಡುತ್ತಾರೆ. ನಡುವೆ ಇನ್ನೊಂದು ಊರಿನಲ್ಲಿ ವಿಮಾನ ಬದಲಿಸುವವರು ಕೊನೆಯ ಊರು ಮುಟ್ಟುವವರೆಗೆ ಅದನ್ನು ಬಿಚ್ಚಬಾರದು. ಮುಂಬಯಿ ಅಥವಾ ದೆಹಲಿಯ ಮೂಲಕ ಬರುವವರಿಗೆ ಸುಂಕದ ತಪಾಸಣೆ ಅಲ್ಲಿಯೇ ಆಗುತ್ತದೆ, ಬಳಿಕ ಮತ್ತೆ ಭದ್ರತಾ ತಪಾಸಣೆ ಇರುತ್ತದೆ. ಅಲ್ಲಿ ತೊಂದರೆ ಬೇಡವೆಂದರೆ ಶೀಶೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ಮತ್ತೆ ಒಪ್ಪಿಸುವುದು ಸುಲಭ. ನೇರ ವಿಮಾನದಲ್ಲಿ ಬರುವವರು ಇಳಿಯುವುದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ, 2023ರ ಸೆಪ್ಟೆಂಬರ್ 12ರಿಂದ ವಿದೇಶದ ವಿಮಾನಗಳು ಅಲ್ಲಿವೆ.

ಪ್ರಯಾಣದ ಊಟದ ಬಗೆಗೂ ಒಂದು ಸೂಚನೆ. ವಿಜೆಎಂಎಲ್ ಎಂಬುದು ಜೈನ ಊಟದ ಸಂಕೇತ, ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು. ಎವಿಎಂಎಲ್ ಎಂಬುದು ಭಾರತೀಯ ಸಸ್ಯಾಹಾರ, ಈರುಳ್ಳಿ ಇರುತ್ತದೆ. ‘ಹಿಂದೂ ಮೀಲ್’ ಎಂಬ ಎಚ್‌ಎನ್‌ಎಂಎಲ್ ಮಾತ್ರ ಹೆಸರಿಗೆ ಮರುಳಾಗಿ ಕೇಳಬಾರದು, ಅದರಲ್ಲಿ ಮಾಂಸವಿರುತ್ತದೆ.

ಬಸವೇಶ್ವರನಗರದ ಆ ಮನೆಯಲ್ಲಿ ಉಳಿದ ಹನ್ನೊಂದು ಚಾಕೊಲೇಟಿನದು ಬೇರೆಯೇ ಚರ್ಚೆಯಾಯಿತು. ಎಸೆಯುವುದಕ್ಕೆ ಅಜ್ಜನಿಗೆ ಮನಸ್ಸಿಲ್ಲ, ದುಡ್ಡು ಕೊಟ್ಟದ್ದು. ಕೆಲಸದವರ ಮಕ್ಕಳಿಗೆ ಕೊಡೋಣವೆಂದರು ಮಗ. ನಾವು ತಿನ್ನದ್ದನ್ನು ಬೇರೆಯವರಿಗೆ ಕೊಟ್ಟರೆ ಅದು ದಾನವೇ ಎಂದು ಅಜ್ಜಿ ಕೇಳಿದ್ದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಆ ಪೊಟ್ಟಣಗಳು ವಾರಗಟ್ಟಲೆ ಫ್ರಿಜ್ಜಿನ ಮೇಲೆಯೇ ಇದ್ದವು. ಅಜ್ಜಿ ಮರುದಿನ ಏಕಾಶನ ಮಾಡಿದರು. ಭಾನುವಾರ ಪಾಠಶಾಲೆಯ ಮಕ್ಕಳಿಗೆ ಮನೆಯಲ್ಲೇ ಮಾಡಿದ ಕೊಬ್ಬರಿ ಮಿಠಾಯಿ ಹಂಚಿದರು, ಮೊಮ್ಮಗಳು ಪ್ರತಿ ಪೊಟ್ಟಣದ ಮೇಲೆ ಪೆನ್ನಿನಲ್ಲಿ ‘ತೆಂಗಿನಕಾಯಿ, ಸಕ್ಕರೆ, ತುಪ್ಪ, ಏಲಕ್ಕಿ’ ಎಂದು ಬರೆದಿದ್ದಳು.